ಟಾಕೋ ಅಂಗಡಿಯ ನಕ್ಷತ್ರ ಎಣಿಸುವ ಯಂತ್ರಕ್ಕೆ

ಮಾನ್ಯ ಯಂತ್ರ ಮಹಾಶಯರೇ,

ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ, ನೀಲಿ ಕತ್ತೆಯ ಚಿತ್ರದ ಬೋರ್ಡು ಹಾಕಿಕೊಂಡಿರುವ ಮೆಕ್ಸಿಕನ್ ಟಾಕೇರಿಯಾದ ಬಾಗಿಲ ಬಳಿ ಒಂಟಿ ಕಾಲಿನ ಮೇಲೆ ತಪಸ್ಸಿಗೆ ನಿಂತು, ಉಂಡು ಹೊರಟವರನ್ನೆಲ್ಲ ತಡೆದು ಊಟ ಹೇಗಿತ್ತು, ಬೆಲೆ ಹೇಗಿತ್ತು, ಬಡಿಸಿದವರು ಹೇಗಿದ್ದರು ಎಂದು ವಿಚಾರಿಸಿ, ಅವರು ಕೊಟ್ಟ ನಕ್ಷತ್ರಗಳನ್ನು ಎಣಿಸಿ, ವಾರಕ್ಕೊಮ್ಮೆ ಅದರ ಸಾರಾಂಶ ಹೊರಡಿಸುವ ತಮ್ಮ ದಿವ್ಯ ಪಾದಕ್ಕೆ, ಅದೇ ಬೀದಿಯ ಹಿಂದಿನ ಸಾಲುಮನೆಯಲ್ಲಿರುವ, ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ಹೇಳಿಕೊಡುವ ಪುಟ್ಟಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಚಾರ್ಜರನ್ನು ನೆಲ ಒರೆಸುವವರು ಕಿತ್ತು ಬಿಸಾಡಿಲ್ಲವೆಂದೂ ನಂಬಿದ್ದೇನೆ. ತಮ್ಮ ಪರದೆಯಲ್ಲಿ ಗಿರಾಕಿಗಳಿಗೆ ಬರೆಯಲು ಬಿಟ್ಟಿರುವ ಜಾಗ ನನ್ನ ಸಿಟ್ಟಿಗೆ ಸಾಲದು, ಹಾಗಾಗಿ ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ ಎಲ್ಲರೂ ಓದುವಂತೆ ಇದನ್ನು ಬರೆಯುತ್ತಿದ್ದೇನೆ. ತಾವು ಎಲ್ಲ ಭಾಷೆಗಳನ್ನೂ ಬಲ್ಲವರೆಂದು ತಮ್ಮ ನೆತ್ತಿಯ ಮೇಲೇ ಬರೆದುಕೊಂಡಿದ್ದೀರಿ, ಹಾಗಾದರೆ ಓದಿಕೊಳ್ಳಿ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವ ಚಟ ನನಗಿಲ್ಲ (ಈ ವಾಕ್ಯ ಓದಿ ನಮ್ಮ ಯಜಮಾನರು ಪಕ್ಕದಲ್ಲಿ ನಗುತ್ತಿದ್ದಾರೆ, ನಗಲಿ). ತಮ್ಮ ಅಂಗಡಿಯಲ್ಲಿ ಬಡಿಸುವ, ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ, ತಿಪಟೂರಿನಿಂದ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದಿರುವ ಸಿಂಚನಾ ಎಂಬ ಹುಡುಗಿಯನ್ನು ತಾವು ‘ನಿಧಾನ’ ಎಂದು ತೀರ್ಮಾನ ಮಾಡಿ ಊರಿಗೆಲ್ಲ ಸಾರಿದಿರಿ. ಅವಳ ಕೆಲಸ ಇನ್ನೂ ಕಾಯಂ ಆಗಿಲ್ಲ. ಈ ತಿಂಗಳ ಕೊನೆಗೆ ಹೆಡ್ ಆಫೀಸಿನವರು ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ಹೇಳಬೇಕು, ಅವರು ನೋಡುವುದು ತಮ್ಮ ಸಾರಾಂಶವನ್ನು ಮಾತ್ರ. ಕೆಲಸ ಹೋದರೆ ಅವಳು ನಮ್ಮ ಕೋಣೆ ಖಾಲಿ ಮಾಡಿ ಲೀಡ್ಸ್‌ಗೆ, ಪಾರ್ಸೆಲ್ ಗೋದಾಮಿನಲ್ಲಿರುವ ತನ್ನ ದೊಡ್ಡಪ್ಪನ ಮಗ ಗುರುಕಿರಣ್ ಹತ್ತಿರ ಹೋಗಿ, ಅಲ್ಲೇ ದುಡಿದುಕೊಂಡು ಕ್ಲಾಸಿಗೆ ರೈಲಿನಲ್ಲಿ ಓಡಾಡುತ್ತಾಳಂತೆ. ಬಾಡಿಗೆ ಬೇಡ, ಸುಮ್ಮನೆ ಇರೇ ಎಂದರೆ ಬಿಟ್ಟಿ ಕೂಳು ನನಗೆ ಇಳಿಯಲ್ಲ ಆಂಟಿ ಎನ್ನುತ್ತಾಳೆ. ಅಷ್ಟು ಸ್ವಾಭಿಮಾನದ ಹುಡುಗಿಯನ್ನು ಊರು ಬಿಡಿಸಲು ಹೊರಟ ತಮ್ಮ ಪರಾಕ್ರಮವನ್ನು ಕೊಂಡಾಡಲು ನನ್ನಲ್ಲಿ ಪದಗಳಿಲ್ಲ, ಆದರೂ ಪ್ರಯತ್ನಿಸುತ್ತೇನೆ.

ಗಿರಾಕಿಗಳ ಅಭಿಪ್ರಾಯವೇ ತಮ್ಮ ಆಹಾರವೆಂದು ಕೇಳಿದ್ದೇನೆ, ಆದ್ದರಿಂದ ಜಗಳಕ್ಕೆ ಮೊದಲು ತಮಗೊಂದಿಷ್ಟು ಬಡಿಸುವುದು ಧರ್ಮ. ತಮ್ಮ ಅಂಗಡಿಯ ಟಾಕೋ ಚೆನ್ನಾಗಿಯೇ ಇದೆ. ಅಂಗೈಯಗಲದ ಮೆಕ್ಕೆಜೋಳದ ರೊಟ್ಟಿ, ಮೇಲೆ ಈರುಳ್ಳಿ, ಕೊತ್ತಂಬರಿ ಸೊಪ್ಪು, ಹಿಂಡಿಕೊಳ್ಳಲು ನಿಂಬೆಹೋಳು, ಇಷ್ಟಿದ್ದರೆ ನಮ್ಮ ಕಡೆಯವರಿಗೆ ಇನ್ನೇನು ಬೇಕು. ಆದರೆ ಬಾಯಿಗೆ ಹೋಗುವ ಮೊದಲೇ ಒಳಗಿದ್ದದ್ದೆಲ್ಲ ಮಡಿಲಿಗೆ ಬೀಳುವ ಹಾಗೆ ಅದನ್ನು ಮಡಿಸಿ ಕೊಡುವ ವಿದ್ಯೆಯನ್ನು ತಮ್ಮ ಅಡಿಗೆಯವರು ಎಲ್ಲಿ ಕಲಿತರೋ, ನನ್ನ ಇಳಕಲ್ ಸೀರೆಗೆ ಮೆತ್ತಿದ ಬೀನ್ಸಿನ ಗುರುತು ಇನ್ನೂ ಹೋಗಿಲ್ಲ. ಮೆನುವಿನಲ್ಲಿ ಮೂರು ಮೆಣಸಿನಕಾಯಿಯ ಚಿತ್ರ ಹಾಕಿ, ಜೋಪಾನ ಎಂದು ಹೆದರಿಸಿ ಕೊಡುವ ಕೆಂಪು ಚಟ್ನಿಯನ್ನು ನಮ್ಮ ಯಜಮಾನರು ಚಮಚದಲ್ಲೇ ತಿಂದು ಮುಗಿಸಿ, ಇದಕ್ಕೇನು ಬೆಲ್ಲ ಹಾಕಿದ್ದಾರೋ ಎಂದು ಕೇಳಿದ್ದನ್ನು ತಾವೂ ಕೇಳಿಸಿಕೊಂಡಿರಬಹುದು. ಅಕ್ಕಿ ನೆನೆಸಿ ರುಬ್ಬಿ ಸೋಸಿ, ದಾಲ್ಚಿನ್ನಿ ಉದುರಿಸಿ ಕೊಡುವ ಓರ್ಚಾಟಾ ಎಂಬ ಬಿಳಿ ಪಾನೀಯ ಮುಂದೆ ಬಂದಾಗ ನನಗೆ ಅಕ್ಕಚ್ಚಿನ ನೆನಪಾಗಿ, ಇದನ್ನು ನಾವು ಹಸುವಿಗೆ ಇಡುತ್ತಿದ್ದೆವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಎರಡನೇ ಗುಟುಕಿಗೆ ರುಚಿ ಹತ್ತಿತು, ಮೂರನೆಯದಕ್ಕೆ ನಮ್ಮ ಹಸುಗಳ ಮೇಲೆ ಹೊಟ್ಟೆಕಿಚ್ಚಾಯಿತು. ಸಕ್ಕರೆಯಲ್ಲಿ ಹೊರಳಾಡಿಸಿದ ಉದ್ದನೆಯ ಕೋಡುಬಳೆಯಂಥ ತಿಂಡಿಯ ಬಗ್ಗೆ ಏನೂ ಹೇಳುವುದಿಲ್ಲ, ಡಾಕ್ಟರು ನನಗೆ ಸಿಹಿ ಬಿಡಲು ಹೇಳಿದ್ದಾರೆ, ಈ ಪತ್ರಿಕೆಯನ್ನು ಅವರ ರಿಸೆಪ್ಷನ್ನಿನಲ್ಲಿರುವ ನಮ್ಮ ಕನ್ನಡದ ಹುಡುಗಿಯೂ ಓದುತ್ತಾಳೆ.

ಬೆಲೆಯ ವಿಚಾರ. ನಮ್ಮ ಯಜಮಾನರು ಹರಿಶ್ಚಂದ್ರ ಅವರು ಪುತ್ತೂರಿನ ಕಡೆಯವರು, ಎಳೆ ಹಲಸಿನ ಗುಜ್ಜೆ ತಿಂದು ಬೆಳೆದವರು. ಅದೇ ಗುಜ್ಜೆಯನ್ನು ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ನೋಡಿ ಮಾಂಸದ ಹಾಗೆಯೇ ಇದೆ ಎಂದು ಟಾಕೋದಲ್ಲಿಟ್ಟು ಕೊಟ್ಟು ತಮ್ಮವರು ಅದಕ್ಕೆ ಹಾಕಿದ ಬೆಲೆ ಕಂಡು ಅವರು ಮೆನುವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಊರಿನಲ್ಲಿ ಬೇಡಪ್ಪಾ ಬೇಡ ಎಂದರೂ ಪಕ್ಕದ ಮನೆಯವರು ಬೇಲಿ ದಾಟಿಸಿ ಇಟ್ಟು ಹೋಗುತ್ತಿದ್ದ ಪದಾರ್ಥ ಅದು. ಬೆಣ್ಣೆಹಣ್ಣಿನ ಚಟ್ನಿಗೊಂದು ದರ, ಆ ಚಟ್ನಿಗೆ ಅದ್ದಿಕೊಳ್ಳುವ ಚಿಪ್ಸಿಗೊಂದು ದರ, ಇನ್ನು ಅದ್ದುವ ಕೈಗೊಂದು ದರ ಹಾಕುವುದು ಮರೆತುಹೋಗಿದೆ. ಕೊನೆಯಲ್ಲಿ, ಮನಸ್ಸಿದ್ದರೆ ಕೊಡಿ ಎಂಬ ಸೇವಾಶುಲ್ಕವನ್ನು ನಮ್ಮ ಮನಸ್ಸನ್ನು ಕೇಳದೆಯೇ ಬಿಲ್ಲಿಗೆ ಸೇರಿಸಿಟ್ಟಿರುತ್ತೀರಿ, ಗಿರಾಕಿಗಳ ಔದಾರ್ಯದ ಮೇಲೆ ತಮಗಿರುವ ಅಷ್ಟು ಭರವಸೆ ನಮಗೇ ಇಲ್ಲ. ಇಷ್ಟಾದರೂ ನಾವು ತಿಂಗಳಿಗೊಮ್ಮೆ ತಪ್ಪದೆ ಬರುತ್ತೇವೆ. ಯಾಕೆ ಬರುತ್ತೇವೆ ಎಂದು ತಾವು ಒಮ್ಮೆಯೂ ಕೇಳಲಿಲ್ಲ.

ಸಿಂಚನಾ ಇದ್ದಾಳೆಂದು ಬರುತ್ತೇವೆ, ಅಷ್ಟೇ. ಆ ಹುಡುಗಿ ಅಡಿಗೆಮನೆಗೂ ಟೇಬಲ್ಲಿಗೂ ಓಡಾಡುವುದನ್ನು ನೋಡಿದರೆ ಕೂತಲ್ಲೇ ನನ್ನ ಮಂಡಿ ನೋಯುತ್ತದೆ. ವಯಸ್ಸಾದವರು ಬಂದರೆ ಗಾಳಿ ನುಗ್ಗುವ ಬಾಗಿಲಿನಿಂದ ದೂರ ಕೂರಿಸುವುದು, ಮಗು ಹಟ ಮಾಡಿದರೆ ಖಾರವಿಲ್ಲದ ರೊಟ್ಟಿಯೊಂದನ್ನು ತಾನಾಗಿಯೇ ತಂದಿಡುವುದು, ಪರೀಕ್ಷೆ ಹತ್ತಿರವಾದ ವಿದ್ಯಾರ್ಥಿಗಳು ಒಂದೇ ತಟ್ಟೆ ಹಂಚಿಕೊಂಡು ತಿನ್ನುತ್ತಿದ್ದರೆ ಕಂಡೂ ಕಾಣದ ಹಾಗೆ ಇನ್ನಷ್ಟು ಬೀನ್ಸ್ ಸುರಿದು ಹೋಗುವುದು, ಇದನ್ನೆಲ್ಲ ಯಾರೂ ಅವಳಿಗೆ ಟ್ರೇನಿಂಗಿನಲ್ಲಿ ಹೇಳಿಕೊಟ್ಟದ್ದಲ್ಲ. ಮೊದಲ ಸಲ ಬೇಡ ಎನ್ನುವುದು ಮರ್ಯಾದೆಗೆ, ಎರಡನೇ ಸಲ ಕೇಳಿದರೆ ತಿನ್ನುತ್ತಾರೆ ಎಂಬುದು ಗೊತ್ತಿರುವವಳು ತಮ್ಮ ಇಡೀ ಅಂಗಡಿಯಲ್ಲಿ ಅವಳೊಬ್ಬಳೇ. ಬೇರೆಯವರು ಬಡಿಸಿದ ದಿನ ನಾವು ಬೇಡ ಬೇಡ ಎನ್ನುತ್ತ ಅರೆಹೊಟ್ಟೆಯಲ್ಲಿ ಮನೆಗೆ ಬಂದು ಉಪ್ಪಿಟ್ಟು ಕೆದಕಿದ್ದೂ ಉಂಟು.

ಮನೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ, ಯಂತ್ರದ ಮುಂದೆ ನಾಚಿಕೆಯೇನು. ಸಾಲ್ಫರ್ಡ್‌ನಲ್ಲಿರುವ ನನ್ನ ಮಗ ಅಭಿಜಿತ್‌ಗೆ ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನಮ್ಮ ಯಜಮಾನರು ಸಿಟ್ಟು ಬಂದ ತಕ್ಷಣ ತುಳುವಿಗೆ ಹೊರಟುಹೋಗುತ್ತಾರೆ, ಅಲ್ಲಿಯವರೆಗೆ ಅಟ್ಟಿಸಿಕೊಂಡು ಹೋಗಲು ನನಗಾಗುವುದಿಲ್ಲ. ಇಷ್ಟು ವರ್ಷದ ಮೇಲೆ ನನ್ನೆದುರು ನಿಂತು, ನನ್ನ ಭಾಷೆಯಲ್ಲೇ, ಒಗ್ಗರಣೆಗೆ ಇಂಗು ಜಾಸ್ತಿಯಾಯಿತು ಆಂಟಿ ಎಂದು ಜಗಳಕ್ಕೆ ಬರುವವಳು ಸಿಕ್ಕಿದ್ದಾಳೆ. ಶಿಫ್ಟ್ ಮುಗಿಸಿ ಬಂದು, ಜೀರಿಗೆ ನಿಂಬೆಹುಳಿ ಘಮಘಮಿಸುವ ಕೈಯಲ್ಲೇ ಅಡಿಗೆಮನೆ ಕಟ್ಟೆ ಹತ್ತಿ ಕೂತು, ಅಂದಿನ ಗಿರಾಕಿಗಳ ನಡೆ ನುಡಿಯನ್ನೆಲ್ಲ ಮಾಡಿ ತೋರಿಸುತ್ತಾಳೆ, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಅವಳು ಹೋದರೆ ಮನೆ ಬಿಕೋ ಎನ್ನುತ್ತದೆ, ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಈಗ ಅಪರಾಧದ ವಿವರಕ್ಕೆ ಬರುತ್ತೇನೆ. ಹೋದ ತಿಂಗಳು ನಮ್ಮ ಬಳಗದ ಕಾರ್ಯದರ್ಶಿ ಮೇಧಾ ಒಂದು ಸುದ್ದಿ ತಂದಳು: ಟಾಕೇರಿಯಾದ ಬಾಗಿಲಲ್ಲಿ ನಿಂತಿರುವ ಯಂತ್ರಕ್ಕೆ ಯಾರು ಬಡಿಸಿದರು, ಹೇಗೆ ಬಡಿಸಿದರು ಎಂದು ಬರೆದರೆ ಅದರ ಮೇಲೆಯೇ ಕೆಲಸದವರ ಭವಿಷ್ಯ ತೀರ್ಮಾನವಾಗುತ್ತದೆ, ಯಾವ ಭಾಷೆಯಲ್ಲಾದರೂ ಬರೆಯಬಹುದು, ನಾವೆಲ್ಲ ಸೇರಿ ನಮ್ಮ ಸಿಂಚನಾ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದರೆ ಅವಳ ಕೆಲಸ ಕಾಯಂ ಆಗುತ್ತದೆ ಎಂದಳು. ಆ ಭಾನುವಾರ ಶಾಲೆ ಬಿಟ್ಟ ಮೇಲೆ ಬಳಗಕ್ಕೆ ಬಳಗವೇ ತಮ್ಮ ಅಂಗಡಿಗೆ ನುಗ್ಗಿತು. ತಿಂದದ್ದಾಯಿತು, ಎಲ್ಲರೂ ತಮ್ಮೆದುರು ಸಾಲಾಗಿ ನಿಂತದ್ದಾಯಿತು. ಐದು ನಕ್ಷತ್ರ ಒತ್ತಿ, ಬಂಗಾರದಂಥ ಹುಡುಗಿ, ಇಂಥವಳು ಈ ಊರಲ್ಲೇ ಇಲ್ಲ ಎಂದೆಲ್ಲ ಬರೆಯಲು ಮೇಧಾ ಬೆರಳೆತ್ತಿದ್ದೇ ತಡ, ನಾನು ಆ ಬೆರಳನ್ನು ಗಪ್ಪನೆ ಹಿಡಿದುಕೊಂಡೆ.

ತಮಗೆ ಅಜ್ಜಿ ಎನ್ನುವವರು ಇದ್ದಂತಿಲ್ಲ, ಆದ್ದರಿಂದ ವಿವರಿಸಬೇಕಾಗಿದೆ. ನಮ್ಮಲ್ಲಿ ಕೂಸಿಗೆ ಎಣ್ಣೆ ನೀರು ಹಾಕಿ, ಪೌಡರ್ ಬಳಿದು, ಹೊಸ ಅಂಗಿ ತೊಡಿಸಿದ ಮೇಲೆ ಕೆನ್ನೆಗೊಂದು ಕಪ್ಪು ಬೊಟ್ಟು ಇಡುತ್ತೇವೆ. ಪೂರ್ತಿ ಚೆಂದ ಕಂಡರೆ ಕಂಡವರ ಕಣ್ಣು ಬೀಳುತ್ತದೆ, ದೃಷ್ಟಿಯಾಗುತ್ತದೆ. ಒಂದು ಕುಂದು ಇಟ್ಟುಬಿಟ್ಟರೆ ಕೆಟ್ಟ ಕಣ್ಣು ಅದರ ಮೇಲೆ ಬಿದ್ದು ಕೂಸು ಬಚಾವಾಗುತ್ತದೆ. ಹೊಸ ಮನೆಗೆ ಬೂದುಗುಂಬಳ ಕಟ್ಟುತ್ತೇವೆ, ಹೊಸ ಕಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸುತ್ತೇವೆ, ಪೋಣಿಸಿದವರನ್ನು ಮೂಢನಂಬಿಕೆ ಎಂದು ಆಡಿಕೊಳ್ಳುವ ನಮ್ಮ ಯಜಮಾನರು ಮೋಟರ್‌ವೇಗೆ ಹೋಗುವ ದಿನ ಅದು ಬಾಡಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಾರೆ. ಪ್ರತಿ ತಟ್ಟೆಯಲ್ಲೂ ನಿಂಬೆಹಣ್ಣು, ಮೆಣಸಿನಕಾಯಿ ಎರಡನ್ನೂ ಜೋಡಿಸಿ ಕೊಡುವ ಅಂಗಡಿಯ ಯಂತ್ರಕ್ಕೆ ಇಷ್ಟೂ ತಿಳಿದಿರುವುದಿಲ್ಲವೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಹೀಗಾಗಿ ನಾನು ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದೆ: ಎಷ್ಟು ಬೇಕಾದರೂ ಹೊಗಳಿ, ಐದರಲ್ಲಿ ಒಂದು ನಕ್ಷತ್ರ ಬಿಟ್ಟು ನಾಲ್ಕು ಒತ್ತಿ, ಕೊನೆಯಲ್ಲಿ ಬೊಟ್ಟು ಇಟ್ಟ ಹಾಗೆ ಒಂದು ಕುಂದು ಬರೆಯಿರಿ. ಎಂಥ ಕುಂದು ಎಂದು ಕೇಳಿದರು. ಜಂಬ ಎಂದರೆ ಹುಡುಗಿಗೆ ಕೆಟ್ಟ ಹೆಸರು, ಕೊಳಕು ಎಂದರೆ ಅಂಗಡಿಗೆ ಕೆಟ್ಟ ಹೆಸರು. ಯಾರೂ ನಂಬದಂಥದ್ದು ಇರಲಿ, ಕೂಸಿನ ಕೆನ್ನೆಯ ಬೊಟ್ಟನ್ನು ಯಾರಾದರೂ ಮಚ್ಚೆ ಅಂದುಕೊಳ್ಳುತ್ತಾರಾ, ಹಾಗೆ. ಜಿಂಕೆಯ ಹಾಗೆ ಓಡುವ ಹುಡುಗಿಯನ್ನು ನಿಧಾನ ಎಂದರೆ ನಂಬುವ ಮುಠ್ಠಾಳ ಯಾರಿದ್ದಾನೆ, ಸ್ವಲ್ಪ ನಿಧಾನ ಎಂದು ಬರೆಯಿರಿ ಎಂದೆ. ಯಾರಿದ್ದಾನೆ ಎಂದು ನಾನು ಕೇಳಿದಾಗ ತಾವು ಅಲ್ಲೇ ನಿಂತಿದ್ದಿರಿ, ನಾನು ಗಮನಿಸಲಿಲ್ಲ.

ಬಳಗದವರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಮೇಧಾ ಅವಳನ್ನು ನಗುಮುಖದವಳು ಎಂದು ಬರೆದಳು, ಇನ್ನೊಬ್ಬರು ಅನ್ನಪೂರ್ಣೆ ಎಂದರು, ಮತ್ತೊಬ್ಬರು ನಮ್ಮೂರ ಹೆಮ್ಮೆ ಎಂದರು, ಶ್ರೀರಂಗ ಎಂಬ ವಿದ್ಯಾರ್ಥಿ ಹಸಿದವರ ಪಾಲಿನ ದೇವತೆ ಎಂದು ಬರೆದು ಕೆಂಪಗಾದ. ಹೊಗಳಿಕೆ ಒಬ್ಬೊಬ್ಬರದು ಒಂದೊಂದು ಥರ, ಕುಂದು ಮಾತ್ರ ಎಲ್ಲರದೂ ಒಂದೇ. ಅನ್ನಪೂರ್ಣೆ ಎಂದು ಒಬ್ಬರೇ ಹೇಳಿದ್ದಾರೆ, ನಿಧಾನ ಎಂದು ಇಡೀ ಊರೇ ಹೇಳುತ್ತಿದೆ ಎಂದು ತಮ್ಮ ತಲೆ ಲೆಕ್ಕ ಹಾಕಿತು. ಮುಂದಿನ ಶುಕ್ರವಾರ ಕೆಲಸದವರ ಕೋಣೆಯ ಗೋಡೆಗೆ ತಮ್ಮ ಸಾರಾಂಶ ಏರಿತು: ಊಟ ಪರವಾಗಿಲ್ಲ, ಬೆಲೆ ಹೆಚ್ಚು, ಸಿಂಚನಾ ನಿಧಾನ. ಬಳಗದ ಅಷ್ಟು ಜನರ ಪ್ರೀತಿಯನ್ನು ಬೆಂಕಿಯ ಮೇಲಿಟ್ಟು ಕುದಿಸಿ ಕುದಿಸಿ ತಾವು ಉಳಿಸಿಕೊಂಡದ್ದು ತಳ ಹಿಡಿದ ಕರಿಯನ್ನು ಮಾತ್ರ.

ಅಂದು ಸಂಜೆ ಅವಳು ಕಟ್ಟೆ ಹತ್ತಲಿಲ್ಲ. ಊಟದ ಮೇಜಿನ ಮೇಲೆ ಆ ಕಾಗದ ಇಟ್ಟು, ಶನಿವಾರ ಭಾನುವಾರದ ರೋಟಾದಿಂದ, ಅಂದರೆ ಪಾಳಿಯ ಪಟ್ಟಿಯಿಂದ, ತನ್ನ ಹೆಸರು ತೆಗೆದಿದ್ದಾರೆ, ಗುರುಕಿರಣ್‌ಗೆ ಫೋನ್ ಮಾಡಿದ್ದೇನೆ ಎಂದು ಮೆಲ್ಲಗೆ ಹೇಳಿದಳು. ಯಾರು ಹೀಗೆ ಬರೆದರೋ ಆಂಟಿ, ನಾನು ಯಾರನ್ನೂ ಕಾಯಿಸಿದ ನೆನಪಿಲ್ಲ ಎಂದಳು. ನಾನೇ ಕಣೇ ಎಂದೆ. ಅವಳು ನನ್ನ ಮುಖ ನೋಡಿದಳು, ತಟ್ಟೆ ಬಿಟ್ಟು ಮಹಡಿ ಹತ್ತಿ ಹೋದಳು. ಜಗಳಗಂಟಿ ಹುಡುಗಿ ಜಗಳವಾಡದೆ ಹೋಗುವುದನ್ನು ನೋಡುವ ಪುಣ್ಯ ತಮ್ಮ ಕೃಪೆಯಿಂದ ನನಗೆ ಲಭಿಸಿತು, ಅದಕ್ಕಾಗಿ ಪ್ರತ್ಯೇಕವಾಗಿ ವಂದಿಸುತ್ತೇನೆ.

ಮಾರನೇ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ನಾನು ತಮ್ಮ ಮ್ಯಾನೇಜರ್ ಗ್ಯಾರೆತ್ ಮುಂದೆ ಹಾಜರಾದೆ. ಆತ ಇದೇ ಊರಿನಲ್ಲಿ ಹುಟ್ಟಿ ಬೆಳೆದವನು, ನನ್ನ ವಯಸ್ಸಿನವರನ್ನೂ ಬ್ಯಾಬ್ ಎಂದು ಕರೆಯುತ್ತಾನೆ, ಮಗು ಎಂದ ಹಾಗೆ. ನನ್ನ ತಾಯಿ ಹೋದ ಮೇಲೆ ನನ್ನನ್ನು ಹಾಗೆ ಕರೆದವರಿಲ್ಲ, ಅವನ ಮೇಲೆ ಸಿಟ್ಟು ಮಾಡಲು ಮನಸ್ಸು ಬರಲಿಲ್ಲ. ಕೂಸು, ಕೆನ್ನೆ, ಕಪ್ಪು ಬೊಟ್ಟು, ಬೂದುಗುಂಬಳ ಎಲ್ಲವನ್ನೂ ಬಿಡಿಸಿ ಹೇಳಿದೆ. ತಮಗಿಂತ ಎಷ್ಟೋ ಕಡಿಮೆ ಭಾಷೆ ಬಲ್ಲ ಆ ಮನುಷ್ಯನಿಗೆ ಎಲ್ಲವೂ ಅರ್ಥವಾಯಿತು. ಹೊಸ ಬೂಟನ್ನು ಮೇಜಿನ ಮೇಲಿಟ್ಟರೆ ಅಪಶಕುನವೆಂದು ತನ್ನ ಅಜ್ಜಿ ಬೈದು ರಂಪ ಮಾಡುತ್ತಿದ್ದಳು, ಇಂದಿಗೂ ತಾನು ಇಡುವುದಿಲ್ಲ ಎಂದ. ಆದರೆ ಹೆಡ್ ಆಫೀಸಿನವರು ತನ್ನನ್ನು ಕೇಳುವುದಿಲ್ಲ, ಯಂತ್ರವನ್ನು ಕೇಳುತ್ತಾರೆ, ಅಲ್ಲಿ ಅಜ್ಜಿಯ ವಿಚಾರ ಬರೆಯಲು ಜಾಗವಿಲ್ಲ ಎಂದು ಕೈಚೆಲ್ಲಿದ. ಒಂದು ಲೋಟ ಓರ್ಚಾಟಾ ಮಾತ್ರ ದುಡ್ಡಿಲ್ಲದೆ ಕೊಟ್ಟ, ಕುಡಿದು ಬಂದೆ.

ಆಗ ಮೇಧಾ ಹೇಳಿದಳು, ದೃಷ್ಟಿಯಾದರೆ ಆಗಲಿ, ಈ ಸಲ ಐದಕ್ಕೆ ಐದೂ ಒತ್ತಿ, ಒಂದು ಕುಂದೂ ಇಲ್ಲದೆ ಬರೆಯೋಣ ಎಂದು. ನಾನು ಹೆದರಿಕೊಂಡೇ ಒಪ್ಪಿದೆ, ಮನೆಗೆ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಸ್ಮೋಕ್ ಅಲಾರಂ ಕೂಗಿಸಿದೆ. ಎಲ್ಲರೂ ಅಂದೇ ಸಂಜೆ ಬಿಲ್ಲಿನ ಮೇಲೆ ಕೊಟ್ಟಿದ್ದ ಕೊಂಡಿ ಹಿಡಿದು ಫೋನಿನಿಂದಲೇ ತಮಗೆ ಬರೆದರು. ತಾವೇನು ಮಾಡಿದಿರಿ? ನಾಲ್ಕು ನಕ್ಷತ್ರ ಕೊಟ್ಟವರೇ ಏಕಾಏಕಿ ಐದು ಕೊಡುತ್ತಿದ್ದಾರೆ, ಇದು ಅಸಹಜವಾದ ಹೊಗಳಿಕೆ, ಇದರ ಹಿಂದೆ ಏನೋ ಮಸಲತ್ತಿದೆ ಎಂದು ಎಲ್ಲವನ್ನೂ ಅಳಿಸಿಹಾಕಿದಿರಿ. ಸುಳ್ಳು ಬರೆದಾಗ ಕಣ್ಣಿಗೊತ್ತಿಕೊಂಡು ಗೋಡೆಗೆ ಹಚ್ಚಿದಿರಿ, ನಿಜ ಬರೆದರೆ ಸುಳ್ಳು ಎಂದಿರಿ. ತಮ್ಮ ನ್ಯಾಯಬುದ್ಧಿಗೆ ಕೈಮುಗಿದೆ ಮಹಾಶಯರೇ, ತಾವು ಟಾಕೋ ಅಂಗಡಿಯ ಬಾಗಿಲಲ್ಲಿ ನಿಂತು ಸವೆಯಬೇಕಾದವರಲ್ಲ.

ಇಂಥ ತಮ್ಮಲ್ಲಿ ನನ್ನ ಕೆಲವು ವಿನಮ್ರ ಕೋರಿಕೆಗಳಿವೆ. ತಾವು ಕೂಡಲೇ ಒಬ್ಬರು ಅಜ್ಜಿಯನ್ನು ಸಂಪಾದಿಸಿಕೊಳ್ಳಬೇಕು. ಸಿಗದಿದ್ದರೆ ನಮ್ಮ ಬಳಗದಲ್ಲಿ ಕೆಲಸವಿಲ್ಲದೆ ಕೂತಿರುವ ಅಜ್ಜಿಯರು ಬೇಕಾದಷ್ಟಿದ್ದಾರೆ, ಒಬ್ಬರನ್ನು ತಮ್ಮ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಯಾರು ಪ್ರೀತಿಯಿಂದ ಬೈಯುತ್ತಿದ್ದಾರೆ, ಯಾರು ಮರ್ಯಾದೆಗೆ ಹೊಗಳುತ್ತಿದ್ದಾರೆ ಎಂದು ಮುಖ ನೋಡಿಯೇ ಹೇಳುತ್ತಾರೆ. ಯಾರನ್ನಾದರೂ ನಿಧಾನ ಎನ್ನುವ ಮೊದಲು ಒಂದು ಶನಿವಾರ ಅವರ ಹಿಂದೆ ಹಿಂದೆ ತಾವೂ ಓಡಬೇಕು, ಒಂದೇ ಕಾಲು ಎಂಬ ಸಂಕೋಚ ಬೇಡ, ನಮ್ಮ ಯಜಮಾನರು ಶೆಡ್ಡಿನಲ್ಲಿರುವ ಹಳೆಯ ಕುರ್ಚಿಯ ಚಕ್ರ ಬಿಚ್ಚಿ ತಮಗೆ ಜೋಡಿಸಲು ತಯಾರಿದ್ದಾರೆ. ಬಿಡುವಾದಾಗ ನಮ್ಮ ಮನೆಗೆ ಊಟಕ್ಕೂ ಬನ್ನಿ. ಮೊದಲ ಸಲ ಬೇಡ ಎನ್ನಿ, ನಾನು ಮತ್ತೆ ಕೇಳುತ್ತೇನೆ, ಹಾಗಾದರೂ ಕಲಿಯುತ್ತೀರೇನೋ ನೋಡೋಣ.

ಇನ್ನು ಕಳೆದ ಭಾನುವಾರದ ಪ್ರಕರಣ. ಆ ದಿನ ತಾವು ನಿಂತಲ್ಲೇ ನಿಂತು ಎಲ್ಲವನ್ನೂ ಕಂಡಿದ್ದೀರಿ, ಆದರೂ ತಮ್ಮ ಕಣ್ಣಿನ ಮೇಲೆ ನನಗೆ ಭರವಸೆ ಇಲ್ಲದ್ದರಿಂದ ಮತ್ತೆ ಹೇಳುತ್ತೇನೆ. ಶಾಲೆ ಬಿಟ್ಟ ಮೇಲೆ ಬಳಗದವರೆಲ್ಲ ಮಕ್ಕಳು ಮರಿ ಸಮೇತ ಬಂದು ತಮ್ಮ ಅಂಗಡಿಯ ಟೇಬಲ್ಲುಗಳನ್ನೆಲ್ಲ ತುಂಬಿದೆವು. ಬೇರೆ ಹುಡುಗ ಹುಡುಗಿಯರು ಆರ್ಡರ್ ತೆಗೆದುಕೊಳ್ಳಲು ಬಂದರು, ನಾವು ನಮ್ರವಾಗಿ, ಸಿಂಚನಾ ಬರಲಿ ಎಂದೆವು. ಅವಳು ಇವತ್ತು ರೋಟಾದಲ್ಲಿ ಇಲ್ಲ ಎಂದರು. ಪರವಾಗಿಲ್ಲ, ನಮಗೇನೂ ಅವಸರವಿಲ್ಲ ಎಂದೆವು. ಸೌತೆಕಾಯಿ ಹೋಳು ಹಾಕಿದ ನಲ್ಲಿ ನೀರನ್ನು ಹೂಜಿಗಟ್ಟಲೆ ಕುಡಿಯುತ್ತ ಕೂತೆವು, ಮಕ್ಕಳು ಮೇಜಿಗೆ ಹಾಸಿದ ಕಾಗದದ ಮೇಲೆ ಕಾಗುಣಿತ ತಿದ್ದತೊಡಗಿದರು, ನಮ್ಮ ಯಜಮಾನರು ಪುತ್ತೂರಿನ ಗುಜ್ಜೆಯ ಇತಿಹಾಸವನ್ನು ಪಕ್ಕದ ಟೇಬಲ್ಲಿನ ಇಂಗ್ಲಿಷ್ ದಂಪತಿಗೆ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಬಾಗಿಲಾಚೆ ಜಾಗಕ್ಕಾಗಿ ಕ್ಯೂ ಬೆಳೆಯಿತು. ಗ್ಯಾರೆತ್ ಬಂದು, ಬ್ಯಾಬ್, ಏನಿದು ಎಂದ. ಕಾಯುತ್ತಿದ್ದೇವೆ ಎಂದೆ. ಅವನು ಗಲ್ಲ ಕೆರೆದುಕೊಂಡು ಒಳಗೆ ಹೋಗಿ ಫೋನ್ ಹಚ್ಚಿದ.

ಅವಳು ಲೈಬ್ರರಿಯಿಂದ ಬೆನ್ನ ಮೇಲಿನ ಬ್ಯಾಗು ಬಡಿದಾಡುವಂತೆ ಓಡಿಬಂದಳು. ಬಂದವಳೇ ನೇರ ನನ್ನ ಟೇಬಲ್ಲಿಗೆ ಬಂದು, ನಿಮಗೇನಾದರೂ ಬುದ್ಧಿ ಇದೆಯಾ ಆಂಟಿ, ಮಕ್ಕಳನ್ನೂ ಉಪವಾಸ ಕೂರಿಸಿಕೊಂಡು ಧರಣಿ ಮಾಡ್ತೀರಲ್ಲ, ನಾನೇನು ಮಂತ್ರಿಯಾ, ನಾಳೆ ನಾನು ಈ ಜನರಿಗೆ ಮುಖ ತೋರಿಸುವುದು ಹೇಗೆ ಎಂದು ಎಲ್ಲರೆದುರು ನನ್ನನ್ನು ತರಾಟೆಗೆ ತೆಗೆದುಕೊಂಡಳು. ಅವಳ ಕಣ್ಣು ಕೆಂಪಾಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅಷ್ಟು ದಿನ ನನ್ನೊಡನೆ ಮಾತು ಬಿಟ್ಟಿದ್ದ ಹುಡುಗಿ ಬೈಯುತ್ತಿದ್ದಾಳಲ್ಲ ಎಂದು ಬಾಯಿಬಿಟ್ಟು ನಕ್ಕುಬಿಟ್ಟೆ, ಅದಕ್ಕೆ ಇನ್ನಷ್ಟು ಬೈದಳು. ಆಮೇಲೆ ಕೈ ತೊಳೆದು, ಏಪ್ರನ್ ಕಟ್ಟಿಕೊಂಡು, ಕ್ಯೂನಲ್ಲಿದ್ದವರೂ ಸೇರಿ ಎಲ್ಲರಿಗೂ ಬಡಿಸಿದಳು, ಒಬ್ಬರ ತಟ್ಟೆಯೂ ತಣ್ಣಗಾಗಲಿಲ್ಲ. ಹೊರಡುವಾಗ ಎಲ್ಲರೂ ತಮ್ಮೆದುರು ನಿಂತರು. ಈ ಸಲ ನಾನು ಯಾರಿಗೂ ಏನೂ ಹೇಳಿಕೊಡಲಿಲ್ಲ, ನನ್ನ ಬಾಯಿಗೆ ನಾನೇ ಕೈ ಅಡ್ಡ ಹಿಡಿದುಕೊಂಡು ರಸ್ತೆಗೆ ಬಂದುಬಿಟ್ಟೆ.

ಇಷ್ಟು ಬರೆದು, ಸಾರಿಗೆ ಒಗ್ಗರಣೆ ಹಾಕಿ ಬರೋಣವೆಂದು ಎದ್ದಿದ್ದೆ, ಪತ್ರವನ್ನು ಇಲ್ಲಿಂದ ಮುಂದೆ ಬೇರೆಯೇ ರೀತಿಯಲ್ಲಿ ಮುಗಿಸಬೇಕೆಂದಿದ್ದೆ, ತಮಗೆ ಒಂದೆರಡು ಶಾಪಗಳನ್ನೂ ತಯಾರಿಸಿಟ್ಟಿದ್ದೆ. ಅಷ್ಟರಲ್ಲಿ ಬಾಗಿಲು ತೆರೆದು ಸಿಂಚನಾ ಬಂದಳು. ಶೂ ಕೂಡ ಬಿಚ್ಚದೆ, ಈ ವಾರದ ಸಾರಾಂಶದ ಹಾಳೆಯನ್ನು ನನ್ನ ಕೈಗಿತ್ತಳು. ಅದರಲ್ಲಿ ತಾವು ಹೀಗೆ ಬರೆದಿದ್ದೀರಿ: ಊಟ ಪರವಾಗಿಲ್ಲ, ಬೆಲೆ ಹೆಚ್ಚು, ಸಿಂಚನಾ ನಿಧಾನ, ಗಿರಾಕಿಗಳು ಅವಳಿಗಾಗಿ ಕಾಯುತ್ತಾರೆ.

ಹೆಡ್ ಆಫೀಸಿನವರು ಇದನ್ನು ಓದಿ ಬೆರಗಾದರಂತೆ, ಬೇರೆ ಯಾವ ಊರಿನ ಅಂಗಡಿಯಲ್ಲೂ ಯಾವ ಕೆಲಸದವರ ಬಗ್ಗೆಯೂ ಇಂಥ ಮಾತು ಬಂದಿಲ್ಲವಂತೆ, ಇವಳನ್ನು ಬಿಡಬೇಡಿ ಎಂದು ಗ್ಯಾರೆತ್‌ಗೆ ಬರೆದಿದ್ದಾರಂತೆ. ಕೆಲಸ ಕಾಯಂ ಆಯಿತು. ಶನಿವಾರ ಭಾನುವಾರದ ರೋಟಾದಲ್ಲಿ ಅವಳ ಹೆಸರು ಮೇಲೆಯೇ ಇದೆಯಂತೆ. ಗುರುಕಿರಣ್‌ಗೆ ಬರುವುದಿಲ್ಲ ಎಂದು ಹೇಳಿಯೂ ಆಯಿತು. ತಾವು ಆ ಕೊನೆಯ ಮಾತನ್ನು ಅರ್ಥ ಮಾಡಿಕೊಂಡು ಬರೆದಿರೋ, ಯಾರದೋ ವಾಕ್ಯವನ್ನು ಕುರುಡಾಗಿ ಎತ್ತಿಕೊಂಡಿರೋ ನನಗೆ ಗೊತ್ತಿಲ್ಲ, ಅದನ್ನು ಓದುವಾಗ ನನ್ನ ಕನ್ನಡಕ ಮಂಜಾಯಿತು, ಒಗ್ಗರಣೆಯ ಹೊಗೆ ಎಂದು ಹೇಳಿದೆ.

ಹುಡುಗಿ ಅಲ್ಲೇ ನಿಂತಿದ್ದಳು, ನಾನೇನಾದರೂ ಅನ್ನಲಿ ಎಂದು ಕಾಯುತ್ತ. ಹೇಳಬೇಕಾದದ್ದು ಎಷ್ಟಿತ್ತು! ನನ್ನ ಬಂಗಾರ, ನೀನು ಹೋಗಿಬಿಟ್ಟಿದ್ದರೆ ನಾನೇನು ಮಾಡುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ, ನಾಲಗೆ ತುದಿಯವರೆಗೂ ಬಂತು. ಆದರೆ ಅಂಥ ಸಂಜೆಯಲ್ಲಿ, ಅಷ್ಟು ಖುಷಿಯಲ್ಲಿದ್ದ ಹುಡುಗಿಗೆ, ನನ್ನ ಕಣ್ಣೇ ಬಿದ್ದುಬಿಟ್ಟರೆ? ಇಷ್ಟು ಹೊತ್ತು ಎಲ್ಲಿ ಸುತ್ತಾಡುತ್ತಿದ್ದೆ, ಸಾರು ಆರಿಹೋಯಿತು, ಏನು ನಿಧಾನವೇ ತಾಯಿ ನಿನ್ನದು ಎಂದೆ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು, ಸ್ವಲ್ಪ ಅತ್ತಳು, ಆಮೇಲೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಬೆರಳು ನೋಯುವಷ್ಟು ಬರೆದೂ ಸಿಟ್ಟು ಪೂರ್ತಿ ಇಳಿಯದ, ಆದರೂ ಮುಂದಿನ ಭಾನುವಾರ ತಪ್ಪದೆ ಊಟಕ್ಕೆ ಬರಲಿರುವ,

ತಮ್ಮ ವಿಶ್ವಾಸಿ,
ಪುಟ್ಟಮ್ಮ ಹರಿಶ್ಚಂದ್ರ
ಸೆಲ್ಲಿ ಓಕ್

ತಾ.ಕ.: ತಮ್ಮ ಪರದೆಯ ಕೆಳಗಿನ ಮೂಲೆಯಲ್ಲಿ ‘ಈ ಯಂತ್ರದ ಸೇವೆ ಹೇಗಿತ್ತು’ ಎಂಬ ಪ್ರಶ್ನೆಯೂ ಇರುವುದನ್ನು ಇಂದು ಕಂಡೆ. ಐದಕ್ಕೆ ಐದು ನಕ್ಷತ್ರ ಒತ್ತಿದ್ದೇನೆ. ಜಾಣರು, ಚೂಟಿ, ಸರ್ವಜ್ಞರು, ತಮ್ಮಂಥವರು ಮೂರು ಲೋಕದಲ್ಲೂ ಇಲ್ಲ ಎಂದು ಬಾಯ್ತುಂಬ ಹೊಗಳಿ ಬರೆದಿದ್ದೇನೆ. ಕುಂದು ಒಂದನ್ನೂ ಬರೆದಿಲ್ಲ. ಇನ್ನು ತಾವುಂಟು, ಊರಿನ ಕಣ್ಣುಂಟು.